ಮೇಣಬಟ್ಟೆಯ ಮೇಲೆ ನಿಲ್ದಾಣ

ನಿಮ್ಮ ಟೇಪು ಸುತ್ತಿಡಿ, ಅಂದಳು ಸುಲ್ಮಾ ಬೆಂತಾಂಕೊರ್
ಊಟದ ಮೇಜಿನ ಮೇಣಬಟ್ಟೆಯನ್ನು ಅಂಗೈಯಲ್ಲಿ ಒರೆಸುತ್ತ.
ಬ್ರೆಡ್ಡಿನ ಚಾಕು ಉದ್ದಕ್ಕೆ ಇಟ್ಟಳು: ಇದು ಮುಖ್ಯ ಹಳಿ.
ಹಿಡಿಯ ಕಡೆ ಮೊಂತೆವಿದೇಯೊ,
ಮೊನೆಯ ಕಡೆ ಬ್ರೆಜಿಲ್.
ಎರಡು ಫೋರ್ಕು, ಹಲ್ಲಿಗೆ ಹಲ್ಲು: ಇದು ಲೂಪು.
ಗೂಡ್ಸು ಇಲ್ಲಿ ಪಕ್ಕಕ್ಕೆ ಸರಿದು
ಪ್ಯಾಸೆಂಜರಿಗೆ ದಾರಿ ಬಿಡುತ್ತಿತ್ತು,
ದೊಡ್ಡವರು ಬಂದರೆಂದು ಬೆಂಚು ಬಿಟ್ಟೇಳುವ ಹುಡುಗನ ಹಾಗೆ.

ಯೆರ್ಬಾ ಕುಡಿಯುವ ಸೋರೆಬುರುಡೆ
ಲೋಹದ ಕೊಳವೆಯ ಸಮೇತ ನೀರಿನ ಟ್ಯಾಂಕಾಯಿತು.
ಕೊಳವೆ ತಿರುಗಿಸಿದಳು; ಎಂಜಿನ್ನು ಬಾಯೊಡ್ಡುತ್ತಿದ್ದದ್ದು
ಇಲ್ಲಿ, ಈ ಕೆಂಪು ಹೂವಿನ ಮೇಲೆ.
ಸಾರ್ಡೀನು ಡಬ್ಬಿ: ದನ ಹತ್ತಿಸುವ ಕಟ್ಟೆ.
ವಾಸನೆ ಇನ್ನೂ ಇದೆ, ನೋಡಿ ಬೇಕಾದರೆ.
ಬೆಂಕಿಪೊಟ್ಟಣ: ಸಿಗ್ನಲ್ ಕೋಣೆ.
ಅದರೊಳಗೆ ನನ್ನ ಇರಿನೇಯೊ,
ಮೂವತ್ತೊಂದು ವರ್ಷ, ಎಂಟು ಸನ್ನೆಗೋಲು.

ಕಟ್ಟಡಕ್ಕೆ ಬಹಳ ಹೊತ್ತು ಏನೂ ಇಡಲಿಲ್ಲ.
ಕೊನೆಗೆ ಇಡೀ ಬ್ರೆಡ್ಡನ್ನೇ ತಂದು
ಚಾಕುವಿನ ಆಚೆ ಇಟ್ಟಳು,
ಬೆನ್ನು ನಮ್ಮ ಕಡೆ ಮಾಡಿ.

ಹಡಗಿನಲ್ಲಿ ಬಂದವಂತೆ ಕಬ್ಬಿಣದ ಕಂಬ, ತಗಡು,
ರೋಮನ್ ಅಂಕಿಯ ಗಡಿಯಾರ,
ಜೊತೆಗೆ ಬೇರೆ ಯಾವುದೋ ಊರಿಗೆಂದು ಬರೆದ ನಕ್ಷೆ.
ಕಂಪನಿಯ ಎಂಜಿನಿಯರು ಜ್ವರದಲ್ಲಿ ಮಲಗಿದ್ದ,
ಮೇಸ್ತ್ರಿಗಳು ಗೆರೆ ಹೇಳಿದಂತೆ ಕಟ್ಟಿದರು.
ಹೀಗೆ ಕಾಂಯಾದಾ ತುಯೆರ್ತಾ ನಿಲ್ದಾಣ
ತನ್ನ ಊರಿಗೇ ಬೆನ್ನು ಹಾಕಿ
ಒಕ್ಕಣ್ಣಿನ ಹಳ್ಳದ ಕಡೆ ಬಾಗಿಲು ತೆರೆಯಿತು.
ಹಳ್ಳದಾಚೆ ಮುಳ್ಳುಗಿಡ, ಒಂದು ಕುದುರೆ, ಅಷ್ಟೆ.

ಜನ ಹಳಿ ದಾಟಿದರು, ಕಟ್ಟಡ ಸುತ್ತಿದರು,
ಕೆಸರು ತುಳಿದು, ಮುಂಬಾಗಿಲಲ್ಲಿ ಕಾಲೊರೆಸಿ,
ಟಿಕೆಟ್ಟು ಕೊಂಡು
ಹೊರಟ ಜಾಗದ ಹತ್ತಿರಕ್ಕೇ ಮರಳಿ ಬಂದು ನಿಂತರು.
ಗೋಡೆಗೊಂದು ಬಾಗಿಲು ಕೊರೆಸಿ ಎಂದು ಲಂಡನ್ನಿಗೆ ಕಾಗದ ಬರೆದರು.
ಉತ್ತರಕ್ಕೆ ಹದಿನಾಲ್ಕು ವರ್ಷ.
ಅಷ್ಟರಲ್ಲಿ ಊರೇ ಎದ್ದು ಆಚೆ ಹೋಗಿತ್ತು:
ಮೊದಲು ಸಿರಿಯಾದವನ ಬಟ್ಟೆ ಅಂಗಡಿ,
ಆಮೇಲೆ ಕಟುಕ, ಆಮೇಲೆ ಔಷಧಿಯವನು,
ಕಡೆಗೆ ಪಾದ್ರಿ. ಪಾದ್ರಿ ಯಾವಾಗಲೂ ಕಡೆಗೇ, ಅಂದಳು.
ಬಾಗಿಲು ಕೊರೆಯಲು ಅನುಮತಿ ಬಂದ ದಿನ
ಓದಿ ನಕ್ಕು ಮಡಚಿ
ಗಡಿಯಾರದ ಹಿಂದೆ ಸಿಕ್ಕಿಸಿದರಂತೆ.

ಆಮೇಲೊಂದು ಜನವರಿ. ಬೇಸಿಗೆ.
ಇನ್ನು ಪ್ಯಾಸೆಂಜರು ಇಲ್ಲ ಎಂದು ರೇಡಿಯೊ ಹೇಳಿತು.
ಆ ರಾತ್ರಿ ಇರಿನೇಯೊ
ಎಂಟೂ ಸನ್ನೆಗೋಲಿಗೆ ದನದ ಕೊಬ್ಬು ಸವರಿ ಬಂದ.
ಯಾವ ಗಾಡಿಗೆ? ಕೇಳಿದೆ.
ತುಕ್ಕಿಗೆ ಸುದ್ದಿ ಮುಟ್ಟುವುದು ಬೇಡ, ಅಂದ.
ಮಾರನೆಯ ರಾತ್ರಿಯೂ ಹೋದ.
ಹನ್ನೊಂದು ವರ್ಷ ಹೋದ.

ನನ್ನ ಚೀಲದಲ್ಲಿತ್ತು ಇಲಾಖೆಯ ಹೊಸ ನಕ್ಷೆ.
ಮರದ ತಿರುಳು ಹೊತ್ತ ಗಾಡಿ ನಿಲ್ಲದೆ ಹೋಗಲಿದೆ;
ಲೂಪಿಲ್ಲ, ಟ್ಯಾಂಕಿಲ್ಲ, ಹಿಂದಿಲ್ಲ ಮುಂದಿಲ್ಲ,
ಒಂದು ಗೆರೆ, ಗೆರೆಯ ಮೇಲೊಂದು ಅಂಕಿ.
ಅದನ್ನು ತೆಗೆದು ಮೇಜಿನ ಮೇಲೆ ಹರಡಬೇಕಿತ್ತು.
ಹರಡಲು ಜಾಗವಿರಲಿಲ್ಲ.

ಹಸಿದಿದ್ದೀರಿ, ಅಂದಳು.
ಮುಖ್ಯ ಹಳಿಯನ್ನೇ ಎತ್ತಿ ಬ್ರೆಡ್ಡು ಕೊಯ್ದಳು.
ನನ್ನ ಪಾಲಿಗೆ ಬಂದದ್ದು ಪ್ರಯಾಣಿಕರ ಕೋಣೆ, ಅಂಚು ಗಟ್ಟಿ.
ಲೂಪು ಬಿಡಿಸಿ ನನಗೊಂದು ಫೋರ್ಕು, ಅವಳಿಗೊಂದು.
ಟ್ಯಾಂಕಿಗೆ ಬಿಸಿನೀರು ಹುಯ್ದು
ಮೊದಲು ತಾನು ಹೀರಿ ನನ್ನ ಕೈಗಿತ್ತಳು.

ಅಷ್ಟರಲ್ಲಿ ಒಲೆ ಆರಿತು, ಸಾರು ಇನ್ನೂ ಕುದಿದಿರಲಿಲ್ಲ.
ಬೆಂಕಿಪೊಟ್ಟಣ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು.
ಅವಳು ಎದ್ದು, ಗೂಡು ಗೂಡು ತಡಕಿ,
ಬೇರೊಂದನ್ನು ಹುಡುಕಿದಳು.